ಕೊಪ್ಪರಿಗೆಯಲ್ಲಿ ಎಂಟು ಜನ

ಚಾಮರಾಜನಗರದ ಇನ್ನಾಸಪ್ಪನ ಹತ್ತಿರ ಒಂದು ಕೊಪ್ಪರಿಗೆ ಇತ್ತು. ಆರಡಿ ಅಗಲ, ಒಳಗೆ ನಿಂತರೆ ಸೊಂಟದ ಮಟ್ಟ, ಅಪ್ಪನ ಕಾಲದ ತಾಮ್ರದ್ದು. ಅರಿಶಿನದ ಕೊಯ್ಲು ಶುರುವಾಯಿತೆಂದರೆ ಅದು ಟ್ರ್ಯಾಕ್ಟರ್ ಟ್ರೇಲರ್ ಏರಿ ಚಂದಕವಾಡಿಯಿಂದ ಹಂಗಳದವರೆಗೆ ಹೊಲದಿಂದ ಹೊಲಕ್ಕೆ ತಿರುಗುತ್ತಿತ್ತು. ಈಗೇನೋ ಹಬೆಯ ಮೆಷಿನ್ನುಗಳು ಬಂದಿವೆ. ಆದರೂ ಹಳಬರು, ಕೊಪ್ಪರಿಗೆಯಲ್ಲಿ ಬೆಂದ ಅರಿಶಿನದ ಬಣ್ಣವೇ ಬೇರೆ ಎಂದು ಇನ್ನಾಸಪ್ಪನಿಗೇ ಹೇಳಿಕಳಿಸುತ್ತಿದ್ದರು. ಕೊಪ್ಪರಿಗೆ ಎಲ್ಲಿಗೆ ಹೋದರೂ ಜತೆಗೆ ಅದರ ಯಜಮಾನನೂ ಹೋಗಬೇಕು ಎನ್ನುವುದು ಅವನಪ್ಪ ಹಾಕಿಟ್ಟ ಕಟ್ಟಳೆ. ಹೆಂಡತಿ ಲೂರ್ದಮ್ಮನನ್ನು ಬೇಕಾದರೆ ತವರಿಗೆ ಒಬ್ಬಳನ್ನೇ ಕಳಿಸಿಯಾನು, ಕೊಪ್ಪರಿಗೆಯನ್ನು ಕಳಿಸುವ ಪೈಕಿ ಅಲ್ಲ.

ಆ ಕೊಪ್ಪರಿಗೆಯನ್ನು ಕೇಳಿಕೊಂಡು ಫೆಬ್ರವರಿಯ ಒಂದು ಬೆಳಿಗ್ಗೆ ಗುಂಡ್ಲುಪೇಟೆಯ ಪಾಸ್ಟರ್ ಎಲೀಷ ಬಂದಾಗ ಲೂರ್ದಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗೆ ಬೀಳಿಸಿದಳು. ಇನ್ನಾಸಪ್ಪನಿಗೂ ಪಾಸ್ಟರಿಗೂ ಒಂದೂವರೆ ವರ್ಷದಿಂದ ಮಾತಿರಲಿಲ್ಲ.

ಮಾತು ಬಿಟ್ಟಿದ್ದು ಯಾರದೋ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ. ಇನ್ನಾಸಪ್ಪ ಇಪ್ಪತ್ತು ವರ್ಷ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟ ಕ್ಯಾಥೋಲಿಕ್ ಕುಳ. ಅವರಲ್ಲಿ ಹಸುಗೂಸಿನ ಹಣೆಗೆ ಮೂರು ಸಲ ನೀರು ಸುರಿದು ಜ್ಞಾನಸ್ನಾನ ಕೊಡುತ್ತಾರೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಭೆ ನಡೆಸುವ ಪಾಸ್ಟರ್ ಎಲೀಷನ ಪ್ರಕಾರ ಕೂಸಿಗೆ ಏನು ತಿಳಿಯುತ್ತದೆ? ಬುದ್ಧಿ ಬಂದವನು ತಾನೇ ಬಾಯಿಬಿಟ್ಟು ನಂಬುತ್ತೇನೆ ಅನ್ನಬೇಕು, ಪೂರ್ತಿ ಮುಳುಗಿ ಏಳಬೇಕು, ಅದೇ ದೀಕ್ಷಾಸ್ನಾನ. ಅನ್ನ ಸಾರಿನವರೆಗೂ ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದ್ದರು. ಪಾಯಸದ ಹೊತ್ತಿಗೆ ಪಾಸ್ಟರ್, "ಮೂರ್ ಹನಿ ಚಿಮುಕಿಸೋದು ಸ್ನಾನ ಅಲ್ಲ ಇನ್ನಾಸಣ್ಣ, ಇಸ್ತ್ರಿ ಮಾಡೋರು ಬಟ್ಟೆಗ್ ಚಿಮುಕಿಸ್ತಾರಲ್ಲ, ಅದು" ಎಂದುಬಿಟ್ಟ. ಇನ್ನಾಸಪ್ಪ ಎಲೆಯಿಂದ ಕೈ ಎತ್ತಿ, "ಮುಳುಗಿದ್ರೇ ಮೋಕ್ಷ ಅನ್ನಂಗಿದ್ರೆ ನಮ್ಮೂರ್ ಎಮ್ಮೆಗೇ ಮೊದ್ಲು ಸಿಗ್ಬೇಕು ಕಣಪ್ಪ" ಎಂದ. ಅಂದಿನಿಂದ ಒಬ್ಬರು ಇಸ್ತ್ರಿ ಪಾರ್ಟಿ, ಇನ್ನೊಬ್ಬರು ಎಮ್ಮೆ ಪಾರ್ಟಿ. ಎರಡು ತಾಲ್ಲೂಕಿನ ಕ್ರೈಸ್ತರೂ ಈ ಹೆಸರುಗಳನ್ನು ಬಳಸಿ ಬಳಸಿ ಸವೆಸಿದ್ದರು.

ಅಂಥ ಪಾಸ್ಟರ್ ಈಗ ಜಗುಲಿಯ ತುದಿಯಲ್ಲಿ ಕೂತು ತನ್ನ ಕಷ್ಟ ಹೇಳಿಕೊಂಡ. ಹೋದ ವರ್ಷ ಹಂಗಳದ ಆಚೆಯ ಕೆರೆಯಲ್ಲಿ ದೀಕ್ಷಾಸ್ನಾನ ಇಟ್ಟುಕೊಂಡಿದ್ದರು. ಮೊದಲನೆಯವನು ಸುನೀಲ್ ಕುಮಾರ್, ಟೈರ್ ಅಂಗಡಿಯ ಮೆಕ್ಯಾನಿಕ್ಕು. ಅವನ ತಲೆ ಅರ್ಧ ಮುಳುಗಿತ್ತೋ ಇಲ್ಲವೋ, ಆಚೆ ದಡದಲ್ಲಿ ಆನೆ ಬಂತು. ಪಾಸ್ಟರ್ ಎದ್ದುಬಿದ್ದು ಓಡಿದ. ಸುನೀಲ ಕಿವಿವರೆಗೂ ನೆನೆದು ಹಿಂದಿನಿಂದ ಓಡಿದ. ಅವತ್ತಿನಿಂದ ಅವನದು ಆಯಿತೋ ಇಲ್ಲವೋ ಎನ್ನುವುದು ಸಭೆಯಲ್ಲಿ ಇತ್ಯರ್ಥವಾಗದೆ ಉಳಿದಿತ್ತು. ಇನ್ನೊಂದು ಸಲ ಕೆರೆಗೆ ಇಳಿಯಲು ಫಾರೆಸ್ಟಿನವರು ಬಿಡಲಿಲ್ಲ. ಕಪ್ಪು ಪ್ಲಾಸ್ಟಿಕ್ ಟ್ಯಾಂಕು ತಂದು ನೋಡಿದರೆ ಅದರ ಬಾಯಿಗೆ ಸುನೀಲ ಸಿಕ್ಕಿಹಾಕಿಕೊಂಡು, ಗರಗಸದಲ್ಲಿ ಟ್ಯಾಂಕು ಕುಯ್ದು ಅವನನ್ನು ಬಿಡಿಸಬೇಕಾಯಿತು.

"ನಿಮ್ ಕೊಪ್ಪರಿಗೆ ಹೆಂಗೂ ಸೋಮವಾರ ಹಂಗಳದ ಗುರುಪಾದಸ್ವಾಮಿಯವರ ಹೊಲಕ್ಕೆ ಬರ್ತದಂತಲ್ಲ ಅಣ್ಣ" ಎಂದ ಪಾಸ್ಟರ್. "ಎರಡು ದಿವ್ಸ ಮುಂಚೆ, ಶನಿವಾರವೇ ತಂದ್ಬುಟ್ರೆ ಎಂಟು ಜನದ್ದು ಮುಗಿದೋಯ್ತದೆ. ನಿಮ್ಮನ್ನ ಬುಟ್ರೆ ಆ ಗಾತ್ರದ ಪಾತ್ರೆ ಯಾರ್ ತಾವೂ ಇಲ್ಲ."

ಇನ್ನಾಸಪ್ಪನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಬಂದೆಯಾ ದಾರಿಗೆ ಅಂದುಕೊಂಡ. "ಯಾರ್ಯಾರು ಎಂಟು ಜನ?" ಎಂದು ಗತ್ತಿನಿಂದ ಕೇಳಿದ.

ಪಾಸ್ಟರ್ ಬೆರಳು ಮಡಿಚುತ್ತಾ ಹೋದ. ಸುನೀಲ ಕುಮಾರ, ಸವರಿಯಮ್ಮಜ್ಜಿ, ಹೀಗೇ ಏಳು ಬೆರಳಾಯಿತು. ಎಂಟನೆಯದಕ್ಕೆ ಬಂದಾಗ ತಲೆ ತಗ್ಗಿಸಿ, "ಜಸಿಂತ" ಎಂದ.

ಇನ್ನಾಸಪ್ಪನ ಖುಷಿ ಅಲ್ಲೇ ಇಳಿದುಹೋಯಿತು. ಜಸಿಂತ ಅವನ ಗೆಳೆಯ ರಾಯಪ್ಪನ ಮಗಳು. ಇಪ್ಪತ್ತಾರು ವರ್ಷದ ಹಿಂದೆ ಚರ್ಚಿನಲ್ಲಿ ಅವಳನ್ನು ತೋಳಲ್ಲಿ ಹಿಡಿದುಕೊಂಡು ನಿಂತ ಜ್ಞಾನತಂದೆ ಅವನು. ಫಾದರ್ ಕೂಸಿಗೆ ಕೇಳಿದ ಪ್ರಶ್ನೆಗಳಿಗೆಲ್ಲ ಕೂಸಿನ ಪರವಾಗಿ 'ನಂಬುತ್ತೇನೆ' ಎಂದು ಉತ್ತರ ಕೊಟ್ಟವನು, ಬಿಳಿ ಬಟ್ಟೆ ಹೊದಿಸಿದವನು. ರಾಯಪ್ಪ ತೀರಿಕೊಂಡ ಮೇಲೆ ಅವಳನ್ನು ನರ್ಸಿಂಗ್ ಓದಿಸಿದವನೂ ಅವನೇ. ತನ್ನದು ಅಂತ ಒಂದು ಮಗು ಇಲ್ಲದ ಮನೆಯಲ್ಲಿ 'ಜ್ಞಾನಪ್ಪಾ' ಎಂದು ಕೂಗಿಕೊಂಡು ಬರುತ್ತಿದ್ದುದು ಅವಳೊಬ್ಬಳೇ. ಈಗ ಅವಳು ಇನ್ನೊಂದು ಸಲ ಸ್ನಾನ ಮಾಡುತ್ತಾಳೆ ಅಂದರೆ ಮೊದಲನೆಯದು ಸ್ನಾನವಲ್ಲ ಅಂತಾಯಿತು. ಅದು ಸ್ನಾನವಲ್ಲದಿದ್ದರೆ ಅವತ್ತು ಅವನು ಕೊಟ್ಟ ಉತ್ತರ ಉತ್ತರವಲ್ಲ, ಅವನು ಅವಳಿಗೆ ಏನೂ ಅಲ್ಲ. ತನ್ನನ್ನು ಅಳಿಸಿಹಾಕಲು ತನ್ನದೇ ಕೊಪ್ಪರಿಗೆ ಬೇಕಂತೆ.

"ಹೋಗ್ಬುಟ್ಟು ಆಮೇಲ್ ಬಾರಪ್ಪ" ಎಂದಷ್ಟೇ ಹೇಳಿ ಒಳಗೆ ಹೋದ.

ಸಂಜೆ ಜಸಿಂತಳೇ ಬಂದಳು. ಗುಂಡ್ಲುಪೇಟೆಯ ಕ್ಲಿನಿಕ್ಕಿನಿಂದ ನೇರ ಬಸ್ಸು ಹತ್ತಿದ್ದಳು, ಬ್ಯಾಗಿನಲ್ಲಿ ನಾಲ್ಕು ಮೀಟರ್ ಬಿಳಿ ಬಟ್ಟೆ. ಅದನ್ನು ಇನ್ನಾಸಪ್ಪನ ತೊಡೆಯ ಮೇಲಿಟ್ಟಳು.

"ಇದೇನಮ್ಮಿ?"

"ಮೊದ್ಲ ಸಲ ಬಿಳಿ ಬಟ್ಟೆ ಹೊದ್ಸಿದ್ದು ನೀನಲ್ವಾ ಜ್ಞಾನಪ್ಪ. ಈ ಸಲಾನೂ ನೀನೇ ಕೊಡ್ಬೇಕು. ಬಟ್ಟೆ ನಾನ್ ತಂದಿವ್ನಿ, ಹೊಲಿಸ್ಕೊಡು."

ಇನ್ನಾಸಪ್ಪ ಬಟ್ಟೆ ನೋಡಿದ, ಅವಳ ಮುಖ ನೋಡಿದ. "ನನ್ದು ಸುಳ್ಳಾಗಿತ್ತು ಅಂತ ತಾನೇ ನೀನು ಹೊಂಟಿರೋದು? ಸುಳ್ಳುಗಾರನ ತಾವು ಬಟ್ಟೆ ಹೊಲಿಸ್ಕತೀಯಾ?"

ಜಸಿಂತಳ ಕಣ್ಣು ತುಂಬಿತು. "ಸುಳ್ಳು ಅಂತ ನಾನೆಲ್ಲಂದೆ? ನೀನ್ ನನ್ನ ಪರವಾಗಿ ಮಾತು ಕೊಟ್ಟೆ. ನಂಗೂ ಒಂದ್ಸಲ ನನ್ನ ಬಾಯಲ್ಲಿ ಹೇಳ್ಬೇಕು ಅನ್ನುಸ್ತು. ಅಷ್ಟೆ ಕಣ್ ಜ್ಞಾನಪ್ಪ."

ಜ್ಞಾನೋಪದೇಶದಲ್ಲಿ ಇದಕ್ಕೆ ಉತ್ತರ ಇತ್ತು. ಇನ್ನಾಸಪ್ಪನಿಗೆ ಅದು ಕಂಠಪಾಠವೂ ಇತ್ತು. ಆದರೆ ಎದುರಿಗೆ ಅಳುತ್ತಿದ್ದವಳು ಪಾಠದ ಹುಡುಗಿ ಆಗಿರಲಿಲ್ಲ. ಅವನು ಬಟ್ಟೆ ಮಡಿಚಿಟ್ಟುಕೊಂಡ.

ಮಾರನೆಯ ದಿನ ಫಾದರ್ ಹತ್ತಿರ ಹೋಗಿ ಎಲ್ಲ ಒಪ್ಪಿಸಿದ. ಫಾದರ್ ಕನ್ನಡಕ ಒರೆಸಿದರು. "ಒಂದು ಸಲ ಕೊಟ್ಟ ಜ್ಞಾನಸ್ನಾನ ಒಂದೇ ಸಲ, ಅದು ನಿಮಗೂ ಗೊತ್ತು. ಕೊಪ್ಪರಿಗೆ ಕೊಡೋದು ಬಿಡೋದು ನಿಮ್ಮ ಕಸುಬು, ಅದಕ್ಕೆ ನಾನು ಅಡ್ಡ ಬರಲ್ಲ. ಒಂದೇ ಮಾತು ಇನ್ನಾಸಪ್ಪ. ನೀರಿಗೆ ಮಾತ್ರ ಕೈ ಹಾಕಬೇಡಿ." ಇನ್ನಾಸಪ್ಪ ಆಗಲಿ ಎಂದ.

ಒಪ್ಪಿಕೊಂಡ ಮೇಲೆ ಅರೆಮನಸ್ಸಿನಲ್ಲಿ ಮಾಡುವ ಜಾಯಮಾನ ಅವನದಲ್ಲ. ಮೂರು ದಿನ ಕೂತು ಕೊಪ್ಪರಿಗೆ ಉಜ್ಜಿದ. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಮತ್ತೆ ಹುಣಸೆಹಣ್ಣು. "ವರ್ಷಕ್ಕಾಗೋ ಹುಣಸೆಹಣ್ಣು ಆ ಎಮ್ಮೆ ಪಾರ್ಟಿಗೆ ಮುಗಿಸ್ಬುಟ್ಟಲ್ಲ, ಹೊಳೇಲಿ ಹುಣಸೆಹಣ್ಣು ತೊಳ್ದಂಗೆ" ಎಂದು ಲೂರ್ದಮ್ಮ ಬೈದಳು. ಬೈಯುತ್ತಲೇ ತಾನೂ ಸೆರಗು ಕಟ್ಟಿ ಉಜ್ಜಲು ಕೂತಳು. ಶುಕ್ರವಾರದ ಹೊತ್ತಿಗೆ ಕೊಪ್ಪರಿಗೆಯ ಒಳಗೆ ಮುಖ ನೋಡಿಕೊಳ್ಳಬಹುದಿತ್ತು. ನಲವತ್ತು ವರ್ಷದ ಅರಿಶಿನದ ಸುಳಿವೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಗುರುಪಾದಸ್ವಾಮಿಯವರ ಹೊಲದಲ್ಲಿ, ಸೋಮವಾರದ ಅರಿಶಿನಕ್ಕೆಂದು ತೋಡಿದ್ದ ಒಲೆಯ ಮೇಲೆಯೇ ಕೊಪ್ಪರಿಗೆ ಕೂತಿತು. ಪಂಪಿನ ನೀರು ತುಂಬಿತು. ಎಂಟು ಜನ ಬಿಳಿ ನಿಲುವಂಗಿಯಲ್ಲಿ ಸಾಲಾಗಿ ನಿಂತರು. ಕಾಡಿನ ಕಡೆಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿದ ಸವರಿಯಮ್ಮಜ್ಜಿ ನೀರಿಗೆ ಒಂದು ಬೆರಳು ಅದ್ದಿ, "ಅಯ್ಯಪ್ಪೋ, ಐಸು! ನಾನು ಪರಲೋಕಕ್ಕೆ ಇವತ್ತೇ ಓಗ್ಬುಡ್ತೀನಿ" ಎಂದು ಹಿಂದೆ ಸರಿದಳು.

ಇನ್ನಾಸಪ್ಪನಿಗೆ ಪಾಪ ಅನ್ನಿಸಿತು. ಫಾದರ್ ನೀರಿಗೆ ಕೈ ಹಾಕಬೇಡ ಅಂದಿದ್ದರು, ಒಲೆಗೆ ಹಾಕಬೇಡ ಅಂದಿರಲಿಲ್ಲ. ಒಣಗಿದ ತೆಂಗಿನ ಗರಿ ತಂದು ಕೊಪ್ಪರಿಗೆಯ ಕೆಳಗೆ ಉರಿ ಹಾಕಿದ. ನೀರು ಬೆಚ್ಚಗಾದ ಮೇಲೆ ಕೆಂಡ ಎಳೆದ. ತಳ ಕಾದಿರುತ್ತದೆ, ಕಾಲು ಸುಟ್ಟರೆ? ಟ್ರೇಲರಿನಲ್ಲಿದ್ದ ನಾಲ್ಕು ಗೋಣಿತಾಟು ತಂದು ಕೋಲಿನಲ್ಲಿ ತಳಕ್ಕೆ ಹಾಸಿದ. ಅಷ್ಟು ಮುಗಿಸಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕೊಪ್ಪರಿಗೆಗೆ ಬೆನ್ನು ಮಾಡಿ, ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಹಾಕಿ ನಿಂತ. ನೋಡುವ ಶಕ್ತಿ ಅವನಿಗಿರಲಿಲ್ಲ.

ಏನೋ ಪ್ರಾರ್ಥನೆ ಎಂದಷ್ಟೇ ತಿಳಿದು ಜಾಗ ಬಿಟ್ಟುಕೊಟ್ಟಿದ್ದ ಹೊಲದ ಯಜಮಾನ ಗುರುಪಾದಸ್ವಾಮಿ ಬದುವಿನ ಮೇಲೆ ಬಂದವರು ಹೌಹಾರಿ ನಿಂತರು. ಒಲೆ, ಹೊಗೆ, ಕೊಪ್ಪರಿಗೆ, ಕೊಪ್ಪರಿಗೆಯೊಳಗೆ ಜನ.

"ಏನ್ಲಾ ಇನ್ನಾಸಪ್ಪ, ಈ ಸಲ ಜನಾನೇ ಬೇಯಿಸ್ತಿದ್ದೀಯಾ?"

"ಬೇಯಿಸ್ತಿಲ್ಲ ಸ್ವಾಮ್ಯೋರೆ, ಬೆಚ್ಚಗ್ ಮಾಡ್ತಿವ್ನಿ" ಎಂದ ಇನ್ನಾಸಪ್ಪ, ತಿರುಗದೆ. ರಸ್ತೆಯಲ್ಲಿ ಊಟಿಗೆ ಹೊರಟಿದ್ದ ಎರಡು ಕಾರು ನಿಂತವು.

ಪಾಸ್ಟರ್ ಎಲೀಷ ಕಣ್ಣು ಮುಚ್ಚಿ ಪ್ರಾರ್ಥಿಸುವವನು. ಕೊಪ್ಪರಿಗೆಯ ಹೊರಗೆ ನಿಂತು ಬಗ್ಗಿ ಮುಳುಗಿಸುವಾಗಲೂ ಕಣ್ಣು ತೆರೆಯಲಿಲ್ಲ. ಸಭೆಯವರೂ ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದರು. ಸುನೀಲ ಮುಳುಗಿ ಎದ್ದ, ಅಜ್ಜಿ ಮುಳುಗಿ ಎದ್ದಳು, ಏಳು ಜನರದೂ ಮುಗಿಯಿತು. ಸರದಿ ಜಸಿಂತಳಿಗೆ ಬರುವ ಹೊತ್ತಿಗೆ ಗುರುಪಾದಸ್ವಾಮಿಯವರ ಹೆಂಡತಿ ಚಂದ್ರಮತಿ ಎಲ್ಲರಿಗೂ ಉಪ್ಪಿಟ್ಟು ಹೊತ್ತುಕೊಂಡು ಬಂದರು. ನೋಡಿದವರೇ ಮುಖ ಅರಳಿಸಿ ಕೂಗಿದರು. "ಅಯ್ಯೋ ಶಿವನೇ, ಯಾರ್ದವ್ವಾ ಮದ್ವೆ? ಮೊದ್ಲೇ ಹೇಳ್ಬಾರ್ದಾ!"

ಪಾಸ್ಟರ್ ಕಣ್ಣು ತೆರೆದ. ಅವನ ಎದುರಿಗೆ ಏಳು ಜನ ನೆತ್ತಿಯಿಂದ ಪಾದದವರೆಗೆ ಹಳದಿಯಾಗಿ ನಿಂತಿದ್ದರು. ಅಜ್ಜಿಯ ನರೆಗೂದಲು ಹಳದಿ. ಸುನೀಲನ ಹಲ್ಲೂ ಹಳದಿ. ಕುಂಕುಮವಿಲ್ಲ, ಒಡವೆಯಿಲ್ಲ, ಹೂವಿಲ್ಲ ಎಂದು ಬದುಕುವ ಸಭೆಯವರು ಒಟ್ಟಿಗೆ ಏಳು ಮದುವೆಯ ಮದುಮಕ್ಕಳ ಹಾಗೆ ಕಾಣುತ್ತಿದ್ದರು. ಪಾಸ್ಟರ್ ತನ್ನ ಕೈ ನೋಡಿಕೊಂಡ. ಮೊಣಕೈವರೆಗೂ ಅದೇ.

"ಇನ್ನಾಸಣ್ಣಾ!" ಎಂದು ಕಿರುಚಿದ. "ಬೇಕಂತ್ಲೇ ಮಾಡ್ಬುಟ್ರಲ್ಲ! ಬೇಡ ಅಂದಿದ್ರೆ ನಾನೇನ್ ಬಲವಂತ ಮಾಡ್ತಿದ್ನಾ? ದೇವ್ರ ಕೆಲ್ಸದಲ್ಲಿ ಸೇಡಾ?"

ಇನ್ನಾಸಪ್ಪ ತಿರುಗಿದ. ಎರಡು ಕ್ಷಣ ಅವನಿಗೇ ಏನೂ ಅರ್ಥವಾಗಲಿಲ್ಲ. ಆಮೇಲೆ ತಳಕ್ಕೆ ಹಾಸಿದ ಗೋಣಿತಾಟು ನೆನಪಾಯಿತು. ಅರಿಶಿನ ಬೇಯಿಸುವಾಗ ಕೊಪ್ಪರಿಗೆಯ ಬಾಯಿಗೆ ಮುಚ್ಚುವ ಗೋಣಿ. ಹತ್ತು ವರ್ಷ ಅರಿಶಿನದ ಹಬೆ ಕುಡಿದ ಗೋಣಿ. ಅದನ್ನು ಬಿಸಿನೀರಿಗೆ ತಾನೇ, ಕೋಲಿನಲ್ಲಿ ಒತ್ತಿ ಒತ್ತಿ ಹಾಸಿದ್ದ.

"ತಪ್ಪು ನಂದೇ ಪಾಸ್ಟ್ರೇ" ಎಂದ. "ಸೇಡಲ್ಲ. ಕೊಪ್ಪರಿಗೆ ಉಜ್ಜಿದೆ, ಗೋಣಿ ಮರ್ತುಬುಟ್ಟೆ."

ಅವನ ಮುಖ ನೋಡಿದರೆ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ. ಪಾಸ್ಟರ್ ಸುಮ್ಮನಾದ. ಆದರೆ ಸುನೀಲ ಸುಮ್ಮನಾಗಲಿಲ್ಲ. ಒಂದು ವರ್ಷ ಅರ್ಧಂಬರ್ಧ ಬದುಕಿದವನ ಸಂಕಟ ಅದು. "ಪಾಸ್ಟರ್, ಇದು ನೀರಾ, ಅರಿಶಿನದ ಕಷಾಯಾನಾ? ಕಷಾಯದಲ್ಲಿ ಮುಳುಗಿದ್ರೆ ಲೆಕ್ಕಕ್ ಬತ್ತದಾ? ನನ್ದು ಈ ಸಲಾನಾದ್ರೂ ಆಯ್ತಾ ಇಲ್ವಾ?"

ಏಳು ಹಳದಿ ಮುಖಗಳು ಪಾಸ್ಟರ್ ಕಡೆ ತಿರುಗಿದವು. ಪಾಸ್ಟರ್ ಎಲ್ಲರೆದುರಿಗೆ, ತನ್ನಂಥ ಮಾತುಗಾರನ ಬಾಯಲ್ಲಿ ಯಾರೂ ಕೇಳಿರದ ಒಂದು ಮಾತು ಹೇಳಿದ. "ನಂಗ್ ಗೊತ್ತಿಲ್ಲ ಕಣಪ್ಪ."

ಆಮೇಲೆ ಇನ್ನಾಸಪ್ಪನ ಕಡೆ ನೋಡಿದ. "ಅಣ್ಣ, ಉಪದೇಶ ಕಲ್ಸಿದೋರು ನೀವು, ಅರಿಶಿನದಲ್ಲಿ ಬೆಳೆದೋರೂ ನೀವು. ಇದನ್ನ ನೀರು ಅನ್ಬೌದಾ? ನೀವ್ ಹೇಳಿದ್ದಂಗೇ ಆಗ್ಲಿ."

ಈ ಪ್ರಶ್ನೆಗೆ ಉತ್ತರ ಇನ್ನಾಸಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಕಲಿಸಿದ ಹಳೆಯ ಫಾದರ್ ಹೇಳುತ್ತಿದ್ದರು: ಕೆಸರಾದರೂ ನೀರು ನೀರೇ, ಸಾರು ಮಾತ್ರ ನೀರಲ್ಲ. ಕಷಾಯ ಅಂದುಬಿಟ್ಟರೆ ಇಲ್ಲಿಗೆ ಮುಗಿಯಿತು. ಏಳು ಜನರದ್ದೂ ರದ್ದು, ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ. ಜಸಿಂತ ಇನ್ನೂ ಮುಳುಗಿಲ್ಲ, ಮುಳುಗುವುದೂ ಇಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಅವನ ಉತ್ತರ ಉಳಿಯುತ್ತದೆ. ಒಂದೇ ಒಂದು ಪದ ಸಾಕು, ಎದುರಾಳಿಯೇ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದಾನೆ.

ಜಸಿಂತ ಅವನೇ ಹೊಲಿಸಿಕೊಟ್ಟ ಬಿಳಿ ನಿಲುವಂಗಿಯಲ್ಲಿ, ಕೈ ಹೊಸೆದುಕೊಳ್ಳುತ್ತಾ ಅವನನ್ನೇ ನೋಡುತ್ತಿದ್ದಳು.

ಇನ್ನಾಸಪ್ಪ ಕೊಪ್ಪರಿಗೆಯ ಹತ್ತಿರ ಹೋಗಿ ಬೊಗಸೆಯಲ್ಲಿ ನೀರು ಎತ್ತಿದ. ಫಾದರ್ ಮಾತು ಅಲ್ಲಿಗೆ ಮುರಿಯಿತು. ಬಿಸಿಲಿಗೆ ಹಿಡಿದು ನೋಡಿದ, ಮೂಸಿದ, ಒಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿದ. ವ್ಯಾಪಾರಿಗಳು ಅವನ ನಾಲಿಗೆಯನ್ನು ನಂಬಿ ಲೋಡುಗಟ್ಟಲೆ ಅರಿಶಿನ ಕೊಂಡವರು.

"ನೀರು" ಎಂದ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. "ಬಣ್ಣ ಬಂದದೆ, ಸತ್ವ ಬಂದಿಲ್ಲ. ಇದ್ರಲ್ ಸಾರೂ ಆಗಕಿಲ್ಲ, ಕಷಾಯಾನೂ ಆಗಕಿಲ್ಲ. ನೀರೇ."

ಸವರಿಯಮ್ಮಜ್ಜಿ ಉಪ್ಪಿಟ್ಟಿನ ಕಡೆ ನಡೆದಳು. ಸುನೀಲ ಮಾತ್ರ ಮತ್ತೂ ಕೇಳಿದ. "ಹಂಗಾರೆ ಹೋದ್ ವರ್ಷ ಕಿವಿವರ್ಗೂ ನೆಂದಿದ್ದು?"

ಪಾಸ್ಟರ್ ಕೊಪ್ಪರಿಗೆಯ ಅಂಚು ಹಿಡಿದುಕೊಂಡ. "ಅದೂ ಆಗಿತ್ತು ಕಣಪ್ಪ ಸುನೀಲ. ಅವತ್ತು ಆನೆ ನೋಡಿ ಓಡಿದೋನು ನಾನು. ದೇವ್ರೇನ್ ಓಡಿರ್ನಿಲ್ಲ. ನಂಗ್ ನಾಚ್ಕೆಯಾಗಿ ಹೇಳ್ದೆ ಇಟ್ಕೊಂಡಿದ್ದೆ."

ಕಿವಿವರೆಗೆ ನೆನೆದರೆ ಆಗುತ್ತದಂತೆ, ಹಾಗಾದರೆ ಹಣೆಗೆ ಸುರಿದರೆ ಯಾಕಾಗಬಾರದು? ಈ ಮಾತು ಇನ್ನಾಸಪ್ಪನ ನಾಲಿಗೆಯ ತುದಿಗೆ ಬಂತು. ಒಂದೂವರೆ ವರ್ಷ ಹುಡುಕಿದರೂ ಇಂಥ ಏಟು ಸಿಕ್ಕಿರಲಿಲ್ಲ. ಪಾಸ್ಟರ್ ಕಣ್ಣಲ್ಲೂ ಅದನ್ನೇ ಕಾಯುವ ಕಳೆ ಇತ್ತು. ಇನ್ನಾಸಪ್ಪ ಅದನ್ನು ನುಂಗಿಕೊಂಡ. ಹಸಿ ಅರಿಶಿನ ನುಂಗಿದಷ್ಟೇ ಕಹಿ ಇತ್ತು.

ಜಸಿಂತ ಕೊಪ್ಪರಿಗೆಗೆ ಇಳಿದಳು. ಏಳು ಜನರನ್ನು ಎತ್ತಿ ಪಾಸ್ಟರ್ ಸೊಂಟ ಹಿಡಿದುಕೊಂಡಿತ್ತು. ಬಗ್ಗಲು ಹೋದವನು ಹಾ ಎಂದು ನೆಟ್ಟಗಾದ. "ಇನ್ನಾಸಣ್ಣ, ಆ ಕಡೆ ಒಂದ್ ಕೈ ಕೊಡಿ. ಮೊದ್ಲು ಹಿಡ್ಕೊಂಡೋರು ನೀವೇ ಅಲ್ವಾ."

ಹೇಗೂ ಕೈ ಹಳದಿಯಾಗಿತ್ತು. ಇನ್ನಾಸಪ್ಪ ಪಂಚೆ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೆ ಇಳಿದ. ಅವಳ ಬೆನ್ನ ಹಿಂದೆ ತೋಳು ಕೊಟ್ಟ. ಅವತ್ತು ಮೂರೂವರೆ ಕೆಜಿ ಇದ್ದಳು, ಇವತ್ತು ಐವತ್ತು ದಾಟಿದ್ದಳು.

ಪಾಸ್ಟರ್ ಕೇಳಿದ. "ಯೇಸುವೇ ನಿನ್ನ ರಕ್ಷಕನೆಂದು ನಂಬುತ್ತೀಯಾ?"

"ನಂಬುತ್ತೇನೆ" ಎಂದ ಇನ್ನಾಸಪ್ಪ.

ಅಭ್ಯಾಸಬಲ. ಬಾಯಿಂದ ತಾನಾಗಿ ಬಿದ್ದುಹೋಗಿತ್ತು. ಅದರ ಬೆನ್ನಿಗೇ ಜಸಿಂತಳ ದನಿ ಬಂತು, "ನಂಬುತ್ತೇನೆ". ಪಾಸ್ಟರಿಗೂ ಇನ್ನಾಸಪ್ಪನಿಗೂ ಜಗಳ ಇದ್ದದ್ದೇ ಇದಕ್ಕೆ. ಒಬ್ಬರ ಪರವಾಗಿ ಇನ್ನೊಬ್ಬರು ನಂಬುವ ಹಾಗಿಲ್ಲ ಎಂದು ಪಾಸ್ಟರ್ ವಾರ ವಾರ ಮೈಕಿನಲ್ಲಿ ಹೇಳುತ್ತಿದ್ದ. ಇನ್ನಾಸಪ್ಪ ನಾಲಿಗೆ ಕಚ್ಚಿಕೊಂಡು ನೀರು ನೋಡುತ್ತಾ ನಿಂತ.

"ಪಾಸ್ಟರ್, ಯಾರ್ ಉತ್ರ ತಕಳದು?" ಎಂದ ಸುನೀಲ.

ಪಾಸ್ಟರ್ ಇನ್ನಾಸಪ್ಪನನ್ನು ನೋಡಿದ, ಜಸಿಂತಳನ್ನು ನೋಡಿದ. "ದೇವ್ರಿಗೆ ಎರಡು ಕಿವಿ ಅವೆ ಸುಮ್ಕಿರ್ಲಾ" ಎಂದ. "ಮುಳುಗ್ಸನ ಬನ್ನಿ ಅಣ್ಣ."

ಇಬ್ಬರೂ ಸೇರಿ ಅವಳನ್ನು ಮುಳುಗಿಸಿದರು. ಕಣ್ಣು ಮುಚ್ಚಿದ ಅವಳ ಮುಖ ಹಳದಿ ನೀರಿನ ಕೆಳಗೆ ಒಂದು ಕ್ಷಣ ಕಾಣದಾಯಿತು. ತನ್ನ ಕಿವಿವರೆಗೂ ನೀರು ಚಿಮ್ಮುವ ಹಾಗೆ ಇನ್ನಾಸಪ್ಪ ಪಾಸ್ಟರಿಗಿಂತ ಮೊದಲೇ ಎತ್ತಿಬಿಟ್ಟ.

ಅಂದು ರಾತ್ರಿ ಲೂರ್ದಮ್ಮ ಸೋಪು ಹಾಕಿ ಗಂಡನನ್ನು ತಿಕ್ಕಿದಳು. ಸೋಪಿಗೆ ಅರಿಶಿನ ಕೆಂಪಾಯಿತು. "ಎಮ್ಮೆ ಪಾರ್ಟಿಯೋರು ನನ್ ಗಂಡನ್ನ ಏನೋ ಮಾಡ್ಬುಟ್ರು" ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನೀರು ಹೊಯ್ದಾಗ ಮತ್ತೆ ಹಳದಿ. ಹಾಗೇ ಬಿಟ್ಟರು.

ಭಾನುವಾರ ಪೂಜೆಗೆ ಇನ್ನಾಸಪ್ಪ ತುಂಬು ತೋಳಿನ ಅಂಗಿ ಹಾಕಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತ. ಪರಮಪ್ರಸಾದದ ಸಾಲಿನಲ್ಲಿ ಯಾವತ್ತೂ ಅಂಗೈ ಚಾಚುವವನು ಅವತ್ತು ಕೈ ಹಿಂದಿಟ್ಟುಕೊಂಡು, ಹಳೆಯ ಕಾಲದವರ ಹಾಗೆ ಬಾಯಿ ತೆರೆದ. ಫಾದರ್ ಅವನ ಹಳದಿ ಕಿವಿ ನೋಡಿದರು.

"ಕೈ ತೋರಿಸಿ ಇನ್ನಾಸಪ್ಪ."

ಅವನು ತೋರಿಸಿದ. ಎರಡು ಅಂಗೈಯೂ ಅಪ್ಪಟ ಹಳದಿ. ಹಿಂದಿನ ಸಾಲು ಕತ್ತು ಉದ್ದ ಮಾಡಿತು.

"ನೀರಿಗೆ ಕೈ ಹಾಕಬೇಡಿ ಅಂದಿದ್ದೆ" ಎಂದರು ಫಾದರ್, ಮೆಲ್ಲಗೆ.

"ಮಗು ಮುಳುಗಿತ್ತು ಫಾದರ್" ಎಂದ ಇನ್ನಾಸಪ್ಪ. "ಎತ್ತಿದೆ."

ಫಾದರ್ ಬಿಳಿಯ ಪ್ರಸಾದವನ್ನು ಆ ಹಳದಿ ಅಂಗೈಯ ನಡುವೆ ಇಟ್ಟು, ಮುಂದಿನವರನ್ನು ಕರೆದರು.